ಹಿಂಡಿಗೆ ಹೋದ ಜುಂಗು

ನಮ್ಮ ತಲೆಮಾರಿನವರಿಗೆ ಆದೋನಿ ಎಂದೊಡನೆ ನೆನಪಾಗುವುದು ಹತ್ತಿ. 1871ರಲ್ಲಿ ಮದ್ರಾಸಿನ ಕಡೆಯಿಂದ ಆದೋನಿಯ ಮೇಲೆ ಹಾದುಬಂದ ರೈಲುಹಾದಿ ರಾಯಚೂರಿನಲ್ಲಿ ಬೊಂಬಾಯಿಯ ಹಾದಿಯನ್ನು ಕೂಡಿಕೊಂಡಿತು. ಬಳ್ಳಾರಿ, ಆದೋನಿ, ರಾಯಚೂರು ಸೀಮೆಯ ಎರೆಹೊಲದ ಹತ್ತಿ ಆಮೇಲೆ ಎರಡೂ ದಿಕ್ಕಿಗೆ ಹೊರಟಿತು. ಪೇಟೆಯಲ್ಲಿ ಅದಕ್ಕೆ ‘ವೆಸ್ಟರ್ನ್ಸ್’ ಎಂಬ ಹೆಸರು ಬಿತ್ತು. ಜಿನ್ನಿಂಗ್ ಫ್ಯಾಕ್ಟರಿ, ಪ್ರೆಸ್ಸು, ಎಣ್ಣೆ ಮಿಲ್ಲುಗಳು ಸಾಲಾಗಿ ಎದ್ದು ಊರಿಗೆ ‘ಎರಡನೇ ಬೊಂಬಾಯಿ’ ಎಂಬ ಅಡ್ಡಹೆಸರೂ ಅಂಟಿತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದವು. ಕಚೇರಿಯ ಕಾಗದದ ಭಾಷೆ ಬದಲಾಯಿತು, ಅಡತಿ ಅಂಗಡಿಯ ಲೆಕ್ಕದ ರೀತಿ ಬದಲಾಗಲಿಲ್ಲ. ಆ ಲೆಕ್ಕದಲ್ಲಿ ಅರಳೆಗೆ ಮೊದಲ ಮರ್ಯಾದೆ, ಕಾಳಿಗೆ ಉಳಿದದ್ದು. ತೂಕ ನೋಡಿದರೆ ತಿರುವುಮುರುವು: ಹೊಲದಿಂದ ಬಂದ ಹತ್ತಿಯಲ್ಲಿ ಅರಳೆ ಮೂರರಲ್ಲಿ ಒಂದು ಪಾಲು ಆದೀತು, ಮಿಕ್ಕ ಎರಡು ಪಾಲು ಹತ್ತಿಕಾಳು. ಆದೋನಿಯ ಹಳೆಯ ವೈಭವವನ್ನು ನೆನೆಯುವವರು ಬೇಲುಗಳನ್ನು ನೆನೆಯುತ್ತಾರೆ. ಇಲ್ಲಿ ನಾನು ನೆನೆಯಹೊರಟಿರುವುದು ಆ ಎರಡು ಪಾಲನ್ನು. ಬಣ್ಣ, ಶಾಯಿ, ರಾಸಾಯನಿಕಗಳ ಉದ್ಯಮದಲ್ಲಿ ಸರಕು ಹೇಗೆ ಹಾಳಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ.

ಜಿನ್ನಿನಿಂದ ಆಗಷ್ಟೇ ಉದುರಿದ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ. ಅದು ಬೋಳು ಬೀಜವಲ್ಲ. ಉದ್ದನೆಯ ಎಳೆಯನ್ನು ಜಿನ್ನು ಕಿತ್ತುಕೊಂಡಿರುತ್ತದೆ. ಸಿಪ್ಪೆಗೆ ಕಚ್ಚಿಕೊಂಡ ಗಿಡ್ಡ ಜುಂಗು ಮಾತ್ರ ಉಳಿದಿರುತ್ತದೆ, ಬೂದುಬಿಳುಪು ಬಣ್ಣದ್ದು, ಉಗುರಿನಿಂದ ಕೆರೆದರೂ ಬಿಡದಷ್ಟು ಬಿಗಿ. ಇಂಥ 100 ಕಿಲೋ ಕಾಳನ್ನು ಕ್ರಮವಾಗಿ ಬಿಡಿಸಿದರೆ ಸುಮಾರು 5ರಿಂದ 8 ಕಿಲೋ ಜುಂಗು, 25 ಕಿಲೋ ಮೇಲ್ಪಟ್ಟು ಸಿಪ್ಪೆ, 16ರಿಂದ 18 ಕಿಲೋ ಎಣ್ಣೆ ಸಿಗುತ್ತದೆ. ಉಳಿಯುವುದು ಪ್ರೋಟೀನು ತುಂಬಿದ ಹಿಂಡಿ. ಆದರೆ ದೇಶದ ಬಹುಪಾಲು ಮಿಲ್ಲುಗಳಲ್ಲಿ ರೂಢಿ ಅದಲ್ಲ. ಜುಂಗು, ಸಿಪ್ಪೆ ಸಮೇತ ಇಡೀ ಕಾಳನ್ನೇ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರಿಗೆ ಸುರಿಯುತ್ತಾರೆ. ಹಾಗೆ ಅರೆದಾಗ ಕೈಗೆ ಬರುವ ಎಣ್ಣೆ ನೂರಕ್ಕೆ 12ರ ಆಸುಪಾಸು. ಹಿಂಡಿಯಲ್ಲಿ ನೂರಕ್ಕೆ 6–7 ಪಾಲು ಎಣ್ಣೆ ಉಳಿದುಬಿಡುತ್ತದೆ. ಜುಂಗು ಎಣ್ಣೆಯನ್ನು ಹೀರಿಕೊಂಡು ತಾನೂ ಹಿಂಡಿಯ ಪಾಲಾಗುತ್ತದೆ. ಹಿಂಡಿಯ ಚೂರನ್ನು ಮುರಿದರೆ ಅಂಚಿನಲ್ಲಿ ಕೂದಲಿನಂಥ ಎಳೆಗಳು ಚಾಚಿಕೊಂಡಿರುವುದು ಕಾಣುತ್ತದೆ. ಅಲ್ಲಿಂದ ಅದನ್ನು ವಾಪಸು ಪಡೆಯುವುದು ಕಲಸಿದ ಅನ್ನದಿಂದ ತುಪ್ಪ ತೆಗೆದಂತೆ. ಸರಕು ಪೋಲಾಗುವುದು ಕಾರ್ಖಾನೆಯ ಹಿಂದಿನ ಚರಂಡಿಯಲ್ಲಿ ಎಂದು ಸಾಮಾನ್ಯವಾಗಿ ಎಲ್ಲರೂ ತಿಳಿದಿದ್ದಾರೆ. ಬೇರ್ಪಡಿಸಬೇಕಾದ್ದನ್ನು ಮೊದಲಲ್ಲೇ ಬೇರ್ಪಡಿಸದೆ ಹೋದಾಗ, ಇಲ್ಲವೇ ಆಮೇಲೆ ಬೆರೆಸಬಹುದಾದ್ದನ್ನು ಅವಸರದಲ್ಲಿ ಬೆರೆಸಿಬಿಟ್ಟಾಗ ನಷ್ಟ ಆಗಲೇ ನಡೆದುಹೋಗಿರುತ್ತದೆ ಎಂಬುದು ನನ್ನ ವಾದ. ಚರಂಡಿ ಅದನ್ನು ಆಮೇಲೆ ತೋರಿಸುತ್ತದೆ, ಅಷ್ಟೆ.

ಆ ಜುಂಗಿಗೂ ಶಾಯಿಗೂ ಏನು ಸಂಬಂಧ ಎಂದು ಕೇಳುವವರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಪೇಟೆಯಲ್ಲಿ ಲಿಂಟರ್ಸ್ ಎನ್ನುವ ಈ ಜುಂಗು ಬಹುಮಟ್ಟಿಗೆ ಶುದ್ಧ ಸೆಲ್ಯುಲೋಸ್. ನೈಟ್ರಿಕ್ ಆಮ್ಲ ಮತ್ತು ಗಂಧಕಾಮ್ಲದ ಮಿಶ್ರಣದಲ್ಲಿ ಅದ್ದಿದರೆ ನೈಟ್ರೋಸೆಲ್ಯುಲೋಸ್ ಆಗುತ್ತದೆ. 1846ರಲ್ಲಿ ಕ್ರಿಶ್ಚಿಯನ್ ಶೋನ್‌ಬೈನ್ ಇದನ್ನು ಲೋಕಕ್ಕೆ ಸಾರಿದಾಗ ಎಲ್ಲರ ಕಣ್ಣು ಬಿದ್ದದ್ದು ಅದರ ಸಿಡಿಯುವ ಗುಣದ ಮೇಲೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೀಲಗಿರಿಯ ಅರುವಂಕಾಡಿನಲ್ಲಿ ಹುಟ್ಟಿದ ಕಾರ್ಡೈಟ್ ಕಾರ್ಖಾನೆ ಮಾಡುತ್ತಿದ್ದ ಮದ್ದಿನಲ್ಲೂ ಹತ್ತಿಯಿಂದಾದ ಈ ವಸ್ತು ಮುಖ್ಯ ಅಂಶ. ನೈಟ್ರೋಜನ್ ಪ್ರಮಾಣ ತುಸು ತಗ್ಗಿಸಿದರೆ ಅದೇ ವಸ್ತು ಸಿಡಿಯುವುದನ್ನು ಬಿಟ್ಟು ದ್ರಾವಕದಲ್ಲಿ ಕರಗಿ, ಒಣಗಿ, ಹೊಳೆಯುವ ತೆಳು ಪೊರೆಯಾಗುತ್ತದೆ. ಮೊದಲ ಮಹಾಯುದ್ಧ ಮುಗಿದಾಗ ಅಮೆರಿಕದ ಡುಪಾಂಟ್ ಕಂಪನಿಯ ಕೈಯಲ್ಲಿ ಮದ್ದು ತಯಾರಿಸುವ ಸಾಮರ್ಥ್ಯ ಬೇಕಾದಷ್ಟು ಉಳಿದಿತ್ತು, ಮದ್ದಿಗೆ ಗಿರಾಕಿ ಇರಲಿಲ್ಲ. 1923ರ ಹೊತ್ತಿಗೆ ಅದು ‘ಡ್ಯೂಕೊ’ ಎಂಬ ಮೋಟಾರು ಬಣ್ಣ ಹೊರತಂದಿತು. ಎಣ್ಣೆ ಬಣ್ಣ ಬಳಿದ ಕಾರು ಒಣಗಲು ವಾರಗಟ್ಟಲೆ ಕಾಯುತ್ತಿದ್ದ ಕಾರ್ಖಾನೆಗಳು ಅದನ್ನು ಕೈಚಾಚಿ ತೆಗೆದುಕೊಂಡವು. ಇಂದು ಪ್ಲಾಸ್ಟಿಕ್ ಪೊಟ್ಟಣಗಳ ಮೇಲೆ ಮಿಂಚುವ ಅಕ್ಷರಗಳ ಶಾಯಿಯಲ್ಲಿ, ಮರಗೆಲಸದ ಲ್ಯಾಕರಿನಲ್ಲಿ, ಉಗುರಿನ ಬಣ್ಣದಲ್ಲಿ ಇರುವುದೂ ಅದೇ. ಆದೋನಿಯ ಕಾಳಿನ ಜುಂಗು ಎಮ್ಮೆಯ ಹೊಟ್ಟೆಗೆ ಹೋದಾಗ ನಾವು ಕಳೆದುಕೊಂಡದ್ದು ಹೊಟ್ಟು ಎಂದು ತಿಳಿದುಕೊಂಡಿದ್ದೇವೆ. ಕಳೆದುಕೊಂಡದ್ದು ಶಾಯಿಯ ಕಚ್ಚಾ ವಸ್ತು.

ವಿಚಿತ್ರವೆಂದರೆ ಇದೇ ಊರು ಶೇಂಗಾದ ವಿಷಯದಲ್ಲಿ ಹೀಗೆ ನಡೆದುಕೊಳ್ಳಲಿಲ್ಲ. ಶೇಂಗಾಕಾಯಿಯನ್ನು ಸಿಪ್ಪೆ ಸಮೇತ ಯಾರೂ ಗಾಣಕ್ಕೆ ಹಾಕುವುದಿಲ್ಲ. ಮೊದಲು ಸಿಪ್ಪೆ ಬಿಡಿಸುವ ಯಂತ್ರ, ಆಮೇಲೆ ಎಕ್ಸ್‌ಪೆಲ್ಲರು. ಕಾಯಿಯ ತೂಕದ ಕಾಲುಭಾಗಕ್ಕಿಂತ ಹೆಚ್ಚಿರುವ ಆ ಒಣ ಸಿಪ್ಪೆ ಬೇರೆಯಾಗಿ ಬಿದ್ದುದರಿಂದಲೇ ಅದಕ್ಕೊಂದು ದರ ಹುಟ್ಟಿತು. ಬಾಯ್ಲರಿಗೆ, ಇಟ್ಟಿಗೆ ಗೂಡಿಗೆ ಹೋಯಿತು. ಎಣ್ಣೆಯೂ ಹೆಚ್ಚು ಬಂತು, ಹಿಂಡಿಯೂ ಸ್ವಚ್ಛವಾಯಿತು. ಒಂದೇ ಓಣಿಯಲ್ಲಿ ಒಂದು ಕಾಳಿಗೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು. ಶೇಂಗಾ ಸಿಪ್ಪೆ ಹಿಚುಕಿದರೆ ಬಿಡುತ್ತದೆ, ಜುಂಗು ಹಾಗೆ ಬಿಡುವುದಿಲ್ಲ ಎಂಬುದು ಇದಕ್ಕೆ ಕಾರಣ. ಅದಕ್ಕೆ ಗರಗಸದ ಹಲ್ಲಿನ ಡೀಲಿಂಟರ್ ಬೇಕು, ಹಲ್ಲನ್ನು ಪದೇಪದೇ ಹರಿತ ಮಾಡಬೇಕು, ಕರೆಂಟು ಸುಡುತ್ತದೆ. ಕಷ್ಟವಿರುವುದು ನಿಜ. ಆದರೆ ಕಷ್ಟವನ್ನು ತಪ್ಪಿಸಿಕೊಳ್ಳಲು ಕೊಟ್ಟ ಬೆಲೆಯನ್ನು ಯಾರೂ ಬರೆದಿಡಲಿಲ್ಲ.

ಬರೆದಿಡದ ಇನ್ನೊಂದು ಬೆಲೆ ಬಿತ್ತನೆ ಬೀಜದ್ದು. ಬಿತ್ತುವ ಹತ್ತಿಬೀಜ ಜುಂಗಿಲ್ಲದೆ ಬೋಳಾಗಿರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಮೊಳಕೆ ಒಂದೇ ಸಮ ಬರುವುದಿಲ್ಲ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿ ಅವರು ರೂಪಿಸಿದ, 1972ರಲ್ಲಿ ಹೊರಬಂದ ವರಲಕ್ಷ್ಮಿ ತಳಿಯಿಂದ ಮುಂದೆ ಹೈಬ್ರಿಡ್ ತಳಿಗಳು ಹರಡಿದಂತೆ ಆದೋನಿ ಇರುವ ಕರ್ನೂಲು ಸೀಮೆಯ ರೈತರು ಬೀಜೋತ್ಪಾದನೆಗೂ ಇಳಿದರು. ಆ ಬೀಜವನ್ನು ಬೋಳಿಸುವ ಸುಲಭ ದಾರಿ ಗಂಧಕಾಮ್ಲ. ಕಿಲೋ ಬೀಜಕ್ಕೆ ಸುಮಾರು 100 ಮಿಲಿಲೀಟರ್ ಗಟ್ಟಿ ಆಮ್ಲ ಸುರಿದು ಪ್ಲಾಸ್ಟಿಕ್ ಬಕೀಟಿನಲ್ಲಿ ಎರಡು ಮೂರು ನಿಮಿಷ ತಿರುವಿದರೆ ಜುಂಗು ಕರಗಿ, ಬೀಜ ಕಾಫಿಯ ಬಣ್ಣಕ್ಕೆ ತಿರುಗಿ, ನಯವಾಗಿ ಹೊಳೆಯುತ್ತದೆ. ಆಮೇಲೆ ನಾಲ್ಕೈದು ಸಲ ನೀರಿನಲ್ಲಿ ತೊಳೆದು ಸುಣ್ಣದಿಂದ ಆಮ್ಲದ ಅಂಶ ಕೊಲ್ಲಬೇಕು. ಜುಂಗೂ ಹೋಯಿತು, ಆಮ್ಲವೂ ಹೋಯಿತು, ಬರದ ನಾಡಿನ ನೀರೂ ಹೋಯಿತು. ಮೂರೂ ಸೇರಿ ಯಾವ ಕೆಲಸಕ್ಕೂ ಬಾರದ ಕಪ್ಪು ರಾಡಿಯಾಯಿತು. ಮೊದಲು ಯಂತ್ರದಲ್ಲಿ ಒಂದು ಸುತ್ತು ಜುಂಗು ಕತ್ತರಿಸಿ, ಉಳಿದ ಅಲ್ಪಸ್ವಲ್ಪಕ್ಕೆ ತೆಳು ಆಮ್ಲದ ನೊರೆ ಬಳಸುವ ವಿಧಾನ ಇದೆ. ದೊಡ್ಡ ಬೀಜ ಸಂಸ್ಕರಣಾ ಘಟಕಗಳಿಗೆ ಅದು ಹೊಸದೇನಲ್ಲ. ಅಲ್ಲಿ ಆಮ್ಲ ಕಡಿಮೆ ಸಾಕಾಗುವುದಕ್ಕೆ ಕಾರಣ, ಕರಗಿಸಬೇಕಾದ ಜುಂಗಿನ ಬಹುಪಾಲು ಆಗಲೇ ಬೇರೆಯಾಗಿ ಬೇಲಿನಲ್ಲಿ ಕೂತಿರುತ್ತದೆ.

ಈಗ ನನಗೆ ಎದುರಾಗುವ ಗಟ್ಟಿಯಾದ ಆಕ್ಷೇಪ. ಹಿಂಡಿಗೆ ಹೋದದ್ದು ಹಾಳಾಯಿತು ಎಂದು ಯಾರು ಹೇಳಿದರು? ದನ ತಿಂದಿತು, ಹಾಲು ಕೊಟ್ಟಿತು. ಎಣ್ಣೆ ಉಳಿದ ಹತ್ತಿಕಾಳು ಹಿಂಡಿಗೆ ಎಮ್ಮೆ ಸಾಕುವವರು ಹೆಚ್ಚು ದರ ಕೊಟ್ಟು ಕೊಳ್ಳುತ್ತಾರೆ, ಏಕೆಂದರೆ ಹಾಲಿನಲ್ಲಿ ಕೊಬ್ಬು ಏರುತ್ತದೆ. ಎಣ್ಣೆ ಪೂರ್ತಿ ಹಿಂಡಿದ ಒಣ ಹಿಂಡಿಯನ್ನು ಅವರು ಮೂಸಿಯೂ ನೋಡುವುದಿಲ್ಲ. ಈ ಮಾತಿನಲ್ಲಿ ಹುರುಳಿದೆ. ಎಣ್ಣೆ ಅಗ್ಗವಾಗಿ ಹಾಲು ತುಟ್ಟಿಯಾದ ವರ್ಷ ಮಿಲ್ಲಿನವನ ಲೆಕ್ಕವೇ ಸರಿ ಎಂದು ಒಪ್ಪಿಕೊಳ್ಳಲೂ ನಾನು ಸಿದ್ಧ. ಆದರೆ ಈ ವಾದ ಎಣ್ಣೆಯನ್ನು ಸಮರ್ಥಿಸುತ್ತದೆಯೇ ಹೊರತು ಜುಂಗನ್ನಲ್ಲ. ದನಕ್ಕೆ ಜುಂಗು ಬರೀ ನಾರು. ಆ ನಾರಿನ ಅಗತ್ಯವನ್ನು ಜೋಳದ ಸೊಪ್ಪೆ, ಶೇಂಗಾ ಬಳ್ಳಿ ಪೂರೈಸುತ್ತವೆ, ಎರಡಕ್ಕೂ ಸುತ್ತಲಿನ ಆಲೂರು, ಪತ್ತಿಕೊಂಡದ ಹೊಲಗಳಲ್ಲಿ ಮಳೆ ಬಂದ ವರ್ಷ ಕೊರತೆಯಿಲ್ಲ. ಇನ್ನು ಎಣ್ಣೆಯೇ ಬೇಕೆಂದರೆ, ಜುಂಗು ತೆಗೆದ ಕಾಳನ್ನು ಅರೆದು ಹಿಂಡಿಯಲ್ಲಿ ಬೇಕಾದಷ್ಟೇ ಎಣ್ಣೆ ಬಿಡುವುದು ಮಿಲ್ಲಿನವನ ಕೈಯಲ್ಲೇ ಇದೆ. ಎಷ್ಟು ಬಿಡಬೇಕು ಎಂದು ತೀರ್ಮಾನಿಸಿ ಬಿಡುವುದು ಬೇರೆ, ತೆಗೆಯಲಾಗದೆ ಬಿಟ್ಟು ಅದಕ್ಕೊಂದು ಗುಣ ಹಚ್ಚುವುದು ಬೇರೆ.

ಬೇಗ ಬೇರ್ಪಡಿಸುವ ಮಾತು ಎಣ್ಣೆಯ ಶುದ್ಧೀಕರಣದಲ್ಲಿ ಇನ್ನೂ ನಿಚ್ಚಳ. ಹತ್ತಿಕಾಳಿನ ಹಸಿ ಎಣ್ಣೆ ಗಾಸಿಪಾಲ್ ಎಂಬ ವಸ್ತುವಿನಿಂದ ಕಪ್ಪಗಿರುತ್ತದೆ. ಅದನ್ನು ಕಾಸ್ಟಿಕ್ ಸೋಡಾ ಹಾಕಿ ತೆಗೆಯಬೇಕು. ಅರೆದ ತಕ್ಷಣ ತೆಗೆದರೆ ಬಣ್ಣ ಬಿಡುತ್ತದೆ. ಡ್ರಮ್ಮಿನಲ್ಲಿ, ಬೇಸಗೆಯ ಬಿಸಿಯಲ್ಲಿ ವಾರಗಟ್ಟಲೆ ಕೂತರೆ ಬಣ್ಣ ಎಣ್ಣೆಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಕಾಸ್ಟಿಕ್ ಹೆಚ್ಚು ಬೇಕು, ಹೆಚ್ಚು ಕಾಸ್ಟಿಕ್ ಎಂದರೆ ಒಳ್ಳೆಯ ಎಣ್ಣೆಯೂ ಸಾಬೂನಾಗಿ ಸೋಪ್ ಸ್ಟಾಕ್ ಎಂಬ ಗಸಿಯಲ್ಲಿ ಹೋಗುವುದು. ಸೋಪ್ ಸ್ಟಾಕನ್ನು ಆಮ್ಲದಿಂದ ಒಡೆದರೆ ಬರುವ ಆಸಿಡ್ ಆಯಿಲ್ ಸಾಬೂನಿಗೂ, ಎನಾಮಲ್ ಬಣ್ಣದ ಆಲ್ಕಿಡ್ ರಾಳಕ್ಕೆ ಬೇಕಾದ ಕೊಬ್ಬಿನಾಮ್ಲಕ್ಕೂ ಆಗುತ್ತದೆ, ನಿಜ. ಆದರೆ ಅದು ಎಣ್ಣೆಯ ದರಕ್ಕೆ ಹೋಗುವ ಸರಕಲ್ಲ. ಇದೆಲ್ಲ ಗೊತ್ತಿಲ್ಲದೆ ನಡೆಯಿತು ಎನ್ನುವಂತೆಯೂ ಇಲ್ಲ. ಎಣ್ಣೆಯ ತಂತ್ರಜ್ಞಾನಕ್ಕೆಂದೇ ಒಂದು ಸಂಶೋಧನಾ ಸಂಸ್ಥೆ 1949ರಿಂದ ಪಕ್ಕದ ಅನಂತಪುರದಲ್ಲಿದೆ.

ಬಣ್ಣದ ಕಾರ್ಖಾನೆಗೆ ಬಂದರೆ ಇದೇ ತತ್ವದ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಕೆಲಸವೇ ಬೆರೆಸುವುದು, ಹಾಗಾಗಿ ಅಲ್ಲಿಯ ನಷ್ಟ ಬಹುಪಾಲು ಹೊತ್ತಿಲ್ಲದ ಹೊತ್ತಿನ ಬೆರಕೆ. ಕಡುನೀಲಿ ಮಾಡಿದ ಪಾತ್ರೆಯಲ್ಲಿ ಕೆನೆಬಣ್ಣ ಮಾಡಬೇಕಾದರೆ ದ್ರಾವಕ ಸುರಿದು ಸುರಿದು ತೊಳೆಯಬೇಕು. ತಿಳಿಬಣ್ಣದಿಂದ ಶುರುಮಾಡಿ ಕಡುಬಣ್ಣಕ್ಕೆ ಹೋದರೆ ನಡುವಿನ ತೊಳೆತ ಬಹಳಷ್ಟು ತಪ್ಪುತ್ತದೆ. ತೊಳೆದ ದ್ರಾವಕವನ್ನು ಬಣ್ಣಕ್ಕೊಂದು ಡ್ರಮ್ಮಿನಲ್ಲಿ ಬೇರೆಬೇರೆ ಇಟ್ಟರೆ ಅದೇ ಬಣ್ಣದ ಮುಂದಿನ ಬ್ಯಾಚಿಗೆ ತೆಳ್ಳಗೆ ಮಾಡಲು ಬಳಸಬಹುದು. ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದರೆ ಹೆಸರಿಲ್ಲದ ಕಂದುಬಣ್ಣದ ಗಂಜಿ, ಭಟ್ಟಿ ಇಳಿಸಿ ದ್ರಾವಕ ತೆಗೆದ ಮೇಲೂ ತಳದಲ್ಲಿ ಸುಡಬೇಕಾದ ಅಂಟು. ಅಂಗಡಿಯ ಕಡೆ ನೋಡಿ. ಒಂದು ಕಾಲಕ್ಕೆ ಬಣ್ಣದಂಗಡಿಯ ಗೂಡುಗಳಲ್ಲಿ ಒಂದೊಂದು ಛಾಯೆಗೆ ಒಂದೊಂದು ಸಾಲು ಡಬ್ಬಿ ಇರುತ್ತಿದ್ದವು. ಬಾಗಿಲಿಗೆ ಬಳಿಯುವ ಹಸಿರು ಖರ್ಚಾಗುತ್ತಿತ್ತು; ಯಾರೂ ಕೇಳದ ಛಾಯೆ ಕೆನೆಗಟ್ಟಿ, ತಳಕ್ಕೆ ಇಳಿದು, ಕಲ್ಲಾಗುತ್ತಿತ್ತು. ಗಿರಾಕಿಯ ಎದುರಿಗೇ ಬಿಳಿ ಬೇಸಿಗೆ ಹನಿಹನಿ ಬಣ್ಣ ಬೀಳಿಸುವ ಯಂತ್ರ ಸಣ್ಣ ಊರುಗಳಿಗೂ ಬಂದ ಮೇಲೆ ಆ ಗೂಡುಗಳು ಖಾಲಿಯಾದವು. ಜಾಹೀರಾತು ಅದನ್ನು ಸಾವಿರ ಛಾಯೆಗಳ ಚಮತ್ಕಾರ ಎಂದು ಮಾರಿತು. ಸರಕಿನ ಲೆಕ್ಕದಲ್ಲಿ ಆದದ್ದಿಷ್ಟು: ಕಾರ್ಖಾನೆಯಲ್ಲಿ ತಿಂಗಳುಗಳ ಮುಂಚೆ ಆಗುತ್ತಿದ್ದ ಬೆರಕೆ ಮಾರಾಟದ ಗಳಿಗೆಗೆ ಮುಂದೂಡಲ್ಪಟ್ಟಿತು.

ಆದೋನಿಯ ಹತ್ತಿರದ ಎಮ್ಮಿಗನೂರಿನ ನೇಕಾರರ ವಿಷಯದಲ್ಲಿ ಹೀಗೆ ಮುಂದೂಡುವ ಸೌಕರ್ಯ ಇರಲಿಲ್ಲ ಎಂಬುದನ್ನು ಹೇಳಲೇಬೇಕು. 1954ರಲ್ಲಿ ಪದ್ಮಶ್ರೀ ಪಡೆದ ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘ ಈ ಬರಪೀಡಿತ ಸೀಮೆಗೆ ಅನ್ನ ಕೊಟ್ಟ ಸಂಸ್ಥೆ. ಕೈಮಗ್ಗದಲ್ಲಿ ನೂಲಿಗೆ ಮೊದಲು ಬಣ್ಣ, ಆಮೇಲೆ ನೇಯ್ಗೆ. ಅಂಚೊಂದು, ಒಡಲೊಂದು ಬಣ್ಣವಾಗಬೇಕಾದಾಗ ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಲಾಗದು. ಆದರೆ ಯಾವ ಬಣ್ಣ ಎಂಬ ಆಯ್ಕೆ ಇತ್ತು. 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಪೇಟೆಗೆ ತಂದ ರಿಯಾಕ್ಟಿವ್ ಬಣ್ಣಗಳು ಕಣ್ಣು ಕೋರೈಸುವಷ್ಟು ಗಾಢ, ಕೆಲಸವೂ ಸುಲಭ. ತೊಂದರೆ ಏನೆಂದರೆ ಅವು ನೂಲಿನೊಡನೆ ಕೂಡುವ ಹಾಗೆಯೇ ನೀರಿನೊಡನೆಯೂ ಕೂಡುತ್ತವೆ. ನೀರಿನೊಡನೆ ಕೂಡಿದ ಬಣ್ಣ ಮತ್ತೆ ನೂಲಿಗೆ ಹತ್ತುವುದಿಲ್ಲ. ಹೀಗೆ ಹಾಕಿದ ಬಣ್ಣದಲ್ಲಿ ಐದರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಮಣಗಟ್ಟಲೆ ಉಪ್ಪಿನ ಜೊತೆ ಬಾನಿಯಿಂದ ಹೊರಗೆ. ನೀಲಿಯಂಥ ವ್ಯಾಟ್ ಬಣ್ಣದ ಸ್ವಭಾವ ಬೇರೆ. ನೀಲಿಯ ಬಾನಿಯನ್ನು ಹಳೆಯ ಬಣ್ಣಗಾರರು ಚೆಲ್ಲುತ್ತಿರಲಿಲ್ಲ, ಲಡಿ ಅದ್ದಿ ತೆಗೆದು ಮತ್ತೆ ಬಣ್ಣ ಕೂಡಿಸಿ ತಿಂಗಳುಗಟ್ಟಲೆ ಜೀವಂತ ಇಡುತ್ತಿದ್ದರು. ವ್ಯಾಟ್ ಬಣ್ಣ ತುಟ್ಟಿ, ಅದಕ್ಕೂ ಕಾಸ್ಟಿಕ್, ಹೈಡ್ರೋಸ್ ಬೇಕು, ಎಲ್ಲ ಛಾಯೆಯೂ ಸಿಗುವುದಿಲ್ಲ. ಆದ್ದರಿಂದ ಹಳೆಯದಕ್ಕೆ ಮರಳಿ ಎಂದು ನಾನು ಹೇಳುತ್ತಿಲ್ಲ. ಬಾನಿಗೆ ಲಡಿ ಇಳಿಯುವ ಮುಂಚೆಯೇ ಎಷ್ಟು ಚೆಲ್ಲಬೇಕು ಎಂಬುದು ನಿಗದಿಯಾಗಿರುತ್ತದೆ ಎನ್ನುತ್ತಿದ್ದೇನೆ.

ಚೆಲ್ಲಿದ್ದನ್ನು ಶುದ್ಧೀಕರಿಸಿದರಾಯಿತಲ್ಲ, ಅದಕ್ಕೆಂದೇ ಘಟಕಗಳಿವೆಯಲ್ಲ ಎನ್ನುವವರು ತಮಿಳುನಾಡಿನ ತಿರುಪ್ಪೂರನ್ನು ನೋಡಬೇಕು. ಬಣ್ಣದ ನೀರಿಗೆ ನೊಯ್ಯಲ್ ನದಿ ಹಾಳಾಗಿ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿಯ ನೂರಾರು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಹನಿ ನೀರೂ ಹೊರಹೋಗದ ವ್ಯವಸ್ಥೆ ಆಮೇಲೆ ನೆಲೆಗೊಂಡಿತು. ಅಲ್ಲಿ ಉಪ್ಪುನೀರನ್ನು ಮತ್ತೆ ಬಳಸಲು ಆದದ್ದು ಬಾನಿಯ ಗಟ್ಟಿ ನೀರನ್ನೂ ಆಮೇಲಿನ ತೊಳೆಯುವ ನೀರನ್ನೂ ಎರಡು ಕೊಳವೆಗಳಲ್ಲಿ ಹರಿಸಿದ ಕಡೆ. ಎರಡನ್ನೂ ಕೂಡಿಸಿ ಕುದಿಸಿದ ಕಡೆ ಕೊನೆಗೆ ಉಳಿದದ್ದು ಹಲವು ಲವಣಗಳ ಗಂಟು. ಅದನ್ನು ಕೊಳ್ಳುವವರಿಲ್ಲದೆ ಚೀಲಗಟ್ಟಿ ಶೆಡ್ಡುಗಳಲ್ಲಿ ಪೇರಿಸಬೇಕಾಯಿತು. ಶುದ್ಧೀಕರಣ ಘಟಕ ಬೇಡವೆಂದಲ್ಲ. ಬೆರೆತದ್ದನ್ನು ಅದು ದುಬಾರಿ ಇಂಧನ ಸುಟ್ಟು ಬಿಡಿಸುತ್ತದೆ, ಅದೂ ಅರೆಬರೆ.

ಉಳಿದ ಆಕ್ಷೇಪ ಗಾತ್ರದ್ದು, ಮತ್ತು ನನ್ನ ಎಣಿಕೆಯಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿ. ಬೇರ್ಪಡಿಸಿದ ಪ್ರತಿಯೊಂದಕ್ಕೂ ಗಿರಾಕಿ ಬೇಕು, ಗಿರಾಕಿಗೆ ವರ್ಷವಿಡೀ ಸರಕು ಬೇಕು. ಆದೋನಿಯ ಹತ್ತಿ ಕೆಲವೇ ತಿಂಗಳ ಸುಗ್ಗಿ, ಮಳೆ ಕೈಕೊಟ್ಟರೆ ಅದೂ ಇಲ್ಲ. ಒಬ್ಬ ಮಿಲ್ಲಿನವ ಡೀಲಿಂಟರ್ ಹಾಕಿ ಅರ್ಧ ವರ್ಷ ಬೀಗ ಜಡಿದು ಕೂರಲಾರ. ಕರ್ನೂಲಿನ ಪಕ್ಕದ ಗೊಂದಿಪರ್ಲದಲ್ಲಿರುವ ಶ್ರೀ ರಾಯಲಸೀಮಾ ಆಲ್ಕಲೀಸ್ ಎಂಬ ಹೆಸರಿನಲ್ಲಿ ಶುರುವಾದ ಕಾರ್ಖಾನೆ ಈ ಪ್ರಶ್ನೆಗೆ ಒಂದು ಬಗೆಯ ಉತ್ತರ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿದರೆ ಒಂದು ಟನ್ ಕಾಸ್ಟಿಕ್ ಸೋಡಾದ ಜೊತೆಗೆ ಬೇಡವೆಂದರೂ ಸುಮಾರು 885 ಕಿಲೋ ಕ್ಲೋರಿನ್, 25 ಕಿಲೋ ಹೈಡ್ರೋಜನ್ ಹುಟ್ಟುತ್ತದೆ. ಕ್ಲೋರಿನ್ ವಿಷಾನಿಲ, ಗಾಳಿಗೆ ಬಿಡುವ ಪ್ರಶ್ನೆಯೇ ಇಲ್ಲ. ಆ ಕಾರ್ಖಾನೆಯ ಉದ್ಯಮ ಬಳಗದಲ್ಲಿ ಅದರಿಂದ ಬ್ಲೀಚಿಂಗಿಗೆ ಬೇಕಾದ ಹೈಪೋಕ್ಲೋರೈಟ್ ತಯಾರಾಗುತ್ತದೆ. ಹೈಡ್ರೋಜನ್ ಅನ್ನು ಔಡಲ ಎಣ್ಣೆಗೆ ಕೂಡಿಸಿ ಗಟ್ಟಿ ಮೇಣದಂಥ ವಸ್ತು ಮಾಡುತ್ತಾರೆ. ಗ್ರೀಸಿಗೂ ಬಣ್ಣಕ್ಕೂ ಅದು ಬೇಕು. ಔಡಲ ಆದೋನಿ ಕಡೆಯ ಪಶ್ಚಿಮ ತಾಲ್ಲೂಕುಗಳ ಕೆಂಪು ಮಸಾರಿ ನೆಲದ ಬೆಳೆಯೇ. ಅದೇ ಎಣ್ಣೆಯನ್ನು ಕಾಸಿ ಅಣುವಿನಿಂದ ನೀರು ತೆಗೆದರೆ ಗಾಳಿಗೆ ಒಣಗುವ, ವಾರ್ನಿಷಿಗೆ ಒದಗುವ ಎಣ್ಣೆಯಾಗುತ್ತದೆ. ಕಾಸ್ಟಿಕ್ ಕಾರ್ಖಾನೆಗೆ ಬೇರ್ಪಡಿಸದೆ ವಿಧಿಯಿರಲಿಲ್ಲ, ಆದ್ದರಿಂದ ಗಿರಾಕಿಯನ್ನು ತಾನೇ ಹುಟ್ಟಿಸಿಕೊಂಡಿತು. ಹತ್ತಿಕಾಳಿನ ಮಿಲ್ಲಿಗೆ ಆ ಒತ್ತಾಯ ಇರಲಿಲ್ಲ. ಒಬ್ಬೊಬ್ಬರಿಗೆ ಆಗದ ಕೆಲಸ ಊರಿಗೆ ಆಗುತ್ತಿತ್ತು. ಜಿನ್ನಿಂಗ್ ಕೂಡ ಬಹುಕಾಲ ಮಂದಿಯ ಹತ್ತಿಗೆ ಕೂಲಿ ಹಿಡಿದು ಮಾಡಿಕೊಟ್ಟ ಕೆಲಸವೇ, ಜುಂಗು ತೆಗೆಯುವುದೂ ಹಾಗೆ ನಡೆಯಬಹುದಿತ್ತು. ತೆಗೆದ ಜುಂಗು ಬೇಲಾಗಿ ಗೋದಾಮಿನಲ್ಲಿ ಕೆಡದೆ ಉಳಿಯುವ ಸರಕು, ಸುಗ್ಗಿ ಮುಗಿದ ಮೇಲೂ ಮಾರಬಹುದು. ರೈಲಂತೂ ಬಾಗಿಲಲ್ಲೇ ಇತ್ತು.

ಬೆಲೆ ಗೊತ್ತಿದ್ದ ಕಡೆ ಯಾರೂ ಉದಾಸೀನ ಮಾಡುವುದಿಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಮೈಸೂರಿನ ಈಗಿನ ಪೇಂಟ್ಸ್ ಅಂಡ್ ವಾರ್ನಿಷ್ 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಳಿಸಲಾಗದ ಶಾಯಿ ಕೊಡುತ್ತಿದೆ. ಅದರಲ್ಲಿರುವುದು ಬೆಳ್ಳಿಯ ಲವಣ. ಆ ಶಾಯಿಯನ್ನು ಮಿಲಿಲೀಟರಿನಲ್ಲಿ ಅಳೆಯುತ್ತಾರೆ. ಹತ್ತಿಕಾಳನ್ನು ಕ್ವಿಂಟಲಿನಲ್ಲಿ ತೂಗುತ್ತಾರೆ, ಕಾಳೆಲ್ಲಕ್ಕೂ ಸೇರಿ ಒಂದೇ ದರ. ಜುಂಗು ಎಷ್ಟು, ಎಣ್ಣೆ ಎಷ್ಟು ಎಂದು ದರ ಬಿಡಿಸಿ ಬರೆಯದ ಕಡೆ ಬೇರ್ಪಡಿಸುವವನಿಗೆ ಏನೂ ಗಿಟ್ಟುವುದಿಲ್ಲ. ಪ್ರತಿ ಚೀಲವನ್ನೂ ಪರೀಕ್ಷೆ ಮಾಡುತ್ತಾ ಕೂರಲು ಮಾರುಕಟ್ಟೆಯಲ್ಲಿ ಯಾರಿಗೆ ಪುರುಸೊತ್ತು ಎಂದು ವ್ಯಾಪಾರಿಗಳು ಕೇಳುತ್ತಾರೆ. ಹಳ್ಳಿಯ ಹಾಲಿನ ಕೇಂದ್ರಗಳಲ್ಲಿ ದಿನಕ್ಕೆರಡು ಸಲ, ಎರಡು ಲೀಟರು ತಂದವರ ಹಾಲಿಗೂ ಫ್ಯಾಟ್ ಎಷ್ಟು ಎಂದು ಯಂತ್ರ ಇಟ್ಟು ನೋಡಿ ಚೀಟಿ ಕೊಡುತ್ತಾರೆ. ಆ ಫ್ಯಾಟಿನ ಆಸೆಗೇ ಕೊಳ್ಳುವ ಹಿಂಡಿಯ ಕಾಳಿಗೆ ಮಾತ್ರ ಅಂಥ ಚೀಟಿ ಇನ್ನೂ ಹುಟ್ಟಿಲ್ಲ.